ಕಲ್ಯಾಣದ ಶಾಸನಗಳ ಕಾಲೋಕ್ತಿ ಮತ್ತು ಜೇಸನ್ ದತ್ತದ ವಿಸಂಕೇತನ

೧

ಕರ್ಣಾಟಕದ ಇತಿಹಾಸದಲ್ಲಿ ಕಲ್ಯಾಣಕ್ಕೆ ಇರುವ ಸ್ಥಾನವು ವಿದ್ವಾಂಸರಿಗೆ ಅವಿದಿತವಲ್ಲ. ಒಂದನೆಯ ಸೋಮೇಶ್ವರನು ಮಾನ್ಯಖೇಟವನ್ನು ಬಿಟ್ಟು ರಾಜಧಾನಿಯನ್ನು ಇಲ್ಲಿಗೆ ತಂದಂದಿನಿಂದ ಹನ್ನೆರಡನೆಯ ಶತಮಾನದ ಉತ್ತರಾರ್ಧದವರೆಗೆ ಈ ಊರು ದಕ್ಷಿಣಾಪಥದ ರಾಜಕೀಯಕ್ಕೂ ವಿದ್ಯೆಗೂ ಕೇಂದ್ರವಾಗಿದ್ದಿತು. ವಿಜ್ಞಾನೇಶ್ವರನ ಮಿತಾಕ್ಷರೆ, ಬಿಲ್ಹಣನ ವಿಕ್ರಮಾಂಕದೇವಚರಿತ, ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಇವೆಲ್ಲವೂ ಈ ಆಸ್ಥಾನದ ಆಶ್ರಯದಲ್ಲಿ ಹುಟ್ಟಿದುವು. ಇಂದಿನ ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳಲ್ಲಿ ನಾರಾಯಣಪುರದ ಶಿವಾಲಯ, ಜಲಸಂಗವಿಯ ಈಶ್ವರಾಲಯ ಮೊದಲಾದುವು ಆ ಕಾಲದ ಸಾಕ್ಷ್ಯವಾಗಿ ಉಳಿದಿವೆ.

ಇವುಗಳ ಪೈಕಿ ಜಲಸಂಗವಿಯ ದೇವಾಲಯದ ಹೊರಭಿತ್ತಿಯ ಒಬ್ಬ ಶಿಲಾಬಾಲಿಕೆ ಪ್ರಸಿದ್ಧಳಾಗಿದ್ದಾಳೆ. ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶಾಸನವೊಂದನ್ನು ಆಕೆ ಬರೆಯುತ್ತಿರುವಂತೆ ಶಿಲ್ಪಿಯು ಕಂಡರಿಸಿದ್ದಾನೆ. ಶಾಸನವನ್ನು ಓದುವುದರ ಬಗೆಗೆ ನಮ್ಮಲ್ಲಿ ವಿಪುಲವಾದ ಸಾಹಿತ್ಯವಿದೆ. ಬರೆಯುವವರು ಮುಂದಿನ ಓದುಗನಿಗಾಗಿ ಏನೇನು ಏರ್ಪಾಡು ಮಾಡಿದರೆಂಬುದರ ವಿಚಾರ ಅಷ್ಟಾಗಿ ನಡೆದಿಲ್ಲ. ಆ ಏರ್ಪಾಡಿನ ಒಂದು ಭಾಗವನ್ನು, ಎಂದರೆ ಕಾಲವನ್ನು ಹೇಳುವ ಒಕ್ಕಣೆಯನ್ನು, ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ವಿಚಾರಕ್ಕೆ ಇಂದು ಒಂದು ವ್ಯಾವಹಾರಿಕ ಕಾರಣವೂ ಒದಗಿದೆ. ಶಾಸನಗಳ ವಿವರಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸಿ ಹುಡುಕುವ ಕಾರ್ಯ ಈಗ ಎಲ್ಲೆಡೆ ನಡೆಯುತ್ತಿದೆ. ಇಂಥ ಸಂಗ್ರಹಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಲು ಬಹುವಾಗಿ ಬಳಕೆಯಲ್ಲಿರುವುದು ಜೇಸನ್ ಎಂಬ ಒಕ್ಕಣೆ. ಅದನ್ನು ಬಿಡಿಸಿ ಓದುವ ಕ್ರಮದಲ್ಲಿ ಎಚ್ಚರ ತಪ್ಪಿದರೆ, ಕಲ್ಲು ಒಂಬತ್ತು ಶತಮಾನ ಕಾಪಾಡಿಕೊಂಡು ಬಂದ ಸಾಕ್ಷ್ಯವು ಯಂತ್ರದಲ್ಲಿ ಒಂದು ಕ್ಷಣದಲ್ಲಿ ಕೆಡುವ ಸಂಭವವುಂಟು.

೨

ಚಾಳುಕ್ಯರ ಕಾಲದ ದಾನಶಾಸನಕ್ಕೆ ಒಂದು ನಿಯತವಾದ ಅಂಗರಚನೆ ಇದೆ. ಮೊದಲು ದೇವತಾಸ್ತುತಿ, ಬಳಿಕ ಚಕ್ರವರ್ತಿಯ ಬಿರುದಾವಳಿ, ಅನಂತರ ಮಾಂಡಲಿಕನ ಅಥವಾ ಅಧಿಕಾರಿಯ ಪ್ರಶಸ್ತಿ, ಆಮೇಲೆ ಕಾಲ, ದತ್ತಿ, ಎಲ್ಲೆ, ಶಾಪಾಶಯ, ಕೊನೆಯಲ್ಲಿ ಕೆಲವೊಮ್ಮೆ ಬರೆದವನ ಮತ್ತು ಕಂಡರಿಸಿದವನ ಹೆಸರು ಬರುತ್ತವೆ. ಒಂದು ಅಂಗವನ್ನು ಓದಿ ಮುಗಿಸಿದೊಡನೆ ಮುಂದೆ ಯಾವ ಅಂಗ ಬರಬೇಕೆಂಬುದು ಓದುಗನಿಗೆ ತಿಳಿದಿರುತ್ತದೆ. ಅಕ್ಷರ ಸವೆದಿದ್ದರೂ ಪಂಡಿತರು ಪಾಠವನ್ನು ಊಹಿಸಬಲ್ಲರೆಂದರೆ ಅದಕ್ಕೆ ಈ ನಿಯತತೆಯೇ ಕಾರಣ.

ಕಾಲೋಕ್ತಿಯಲ್ಲಿ ಈ ನಿಯತತೆ ಇನ್ನೂ ಸ್ಪಷ್ಟವಾಗಿದೆ. ಆರನೆಯ ವಿಕ್ರಮಾದಿತ್ಯನು ೧೦೭೬ರಲ್ಲಿ ಪಟ್ಟವೇರಿ ಶಕಗಣನೆಯ ಬದಲು ಚಾಳುಕ್ಯವಿಕ್ರಮವರ್ಷವೆಂಬ ಹೊಸ ಗಣನೆಯನ್ನು ಆರಂಭಿಸಿದನು. ಅಂದಿನ ಶಾಸನಗಳು ಗಣನೆಯ ಹೆಸರು, ವರ್ಷಸಂಖ್ಯೆ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ ಎಂಬ ಅನುಕ್ರಮದಲ್ಲಿ ಕಾಲವನ್ನು ಹೇಳುತ್ತವೆ; ಎಷ್ಟೋ ವೇಳೆ ಸಂಕ್ರಾಂತಿ ಅಥವಾ ಗ್ರಹಣದ ಉಲ್ಲೇಖವೂ ಸೇರುತ್ತದೆ.

ಒಂದೇ ದಿನವನ್ನು ಇಷ್ಟು ಬಗೆಯಲ್ಲಿ ಹೇಳುವುದು ಮೇಲುನೋಟಕ್ಕೆ ಪುನರುಕ್ತಿಯಂತೆ ಕಾಣಬಹುದು. ಆದರೆ ಗಣಿತದಿಂದ ನೋಡಿದರೆ ಇದು ರಕ್ಷೆಯಾಗಿದೆ. ಚಾಳುಕ್ಯವಿಕ್ರಮದ ಒಂದನೆಯ ವರ್ಷ ಶಕ ೯೯೮, ನಳ ಸಂವತ್ಸರ. ಪ್ರಭವಾದಿ ಅರುವತ್ತರಲ್ಲಿ ಅದು ಐವತ್ತನೆಯದು. ಆದುದರಿಂದ ವಿಕ್ರಮವರ್ಷದ ಸಂಖ್ಯೆಗೆ ೪೯ನ್ನು ಕೂಡಿಸಿ, ಮೊತ್ತವು ಅರುವತ್ತನ್ನು ಮೀರಿದರೆ ಅರುವತ್ತನ್ನು ಕಳೆದರೆ ಸಂವತ್ಸರದ ಕ್ರಮಾಂಕ ದೊರೆಯುತ್ತದೆ. ಇಟಗಿಯ ಮಹಾದೇವ ದೇವಾಲಯದ ೧೧೧೨ನೆಯ ವರ್ಷವನ್ನು ತೆಗೆದುಕೊಳ್ಳೋಣ. ಅದು ೩೭ನೆಯ ವಿಕ್ರಮವರ್ಷ. ೩೭ಕ್ಕೆ ೪೯ ಸೇರಿ ೮೬, ಅರುವತ್ತು ಕಳೆದರೆ ೨೬, ಇಪ್ಪತ್ತಾರನೆಯದು ನಂದನ. ಇಂಥದೊಂದು ವರ್ಷಸಂಖ್ಯೆಯಲ್ಲಿ ಹತ್ತರ ಸ್ಥಾನದ ಅಂಕೆ ಸವೆದು ಬರಿಯ ೭ ಉಳಿದಿದೆಯೆಂದು ಭಾವಿಸಿದರೆ, ೭ ದುಂದುಭಿ, ೧೭ ಆಂಗೀರಸ, ೨೭ ಚಿತ್ರಭಾನು, ೩೭ ನಂದನ, ೪೭ ಶುಭಕೃತ್ ಎಂದಾಗುತ್ತದೆ. ನಂದನವೆಂಬ ಹೆಸರೊಂದು ಉಳಿದಿದ್ದರೆ ೩೭ ಎಂಬ ಪಾಠ ನಿಸ್ಸಂದೇಹವಾಗಿ ನಿಲ್ಲುತ್ತದೆ.

ವಿಕ್ರಮಾದಿತ್ಯನ ಆಳಿಕೆ ಸುಮಾರು ಐವತ್ತು ವರ್ಷ, ಸಂವತ್ಸರಚಕ್ರ ಅರುವತ್ತು. ಹೀಗಾಗಿ ಅವನ ಆಳಿಕೆಯೊಳಗೆ ಯಾವ ಸಂವತ್ಸರದ ಹೆಸರೂ ಎರಡು ಸಲ ಬರುವುದಿಲ್ಲ. ಆದರೆ ಈ ಗಣನೆ ಅವನ ಮರಣದೊಡನೆ ನಿಲ್ಲದೆ ಕೆಲವು ಶಾಸನಗಳಲ್ಲಿ ಮುಂದುವರಿಯಿತು. ಅಲ್ಲಿ ಒಂದನೆಯ ವರ್ಷಕ್ಕೂ ಅರುವತ್ತೊಂದನೆಯ ವರ್ಷಕ್ಕೂ ಸಂವತ್ಸರ ಒಂದೇ ಆಗುವುದರಿಂದ ಹೆಸರು ಮಾತ್ರ ಸಾಲದು. ಸಂಖ್ಯೆಯೂ ಬೇಕು, ಶಾಸನೋಕ್ತ ಅರಸನ ಹೆಸರೂ ಬೇಕು.

೩

ಈ ಆಸ್ಥಾನದವರಿಗೆ ಕಾಲೋಕ್ತಿಯ ಪೂರ್ಣತೆಯಲ್ಲಿ ಎಷ್ಟು ಆದರವಿದ್ದಿತೆಂಬುದಕ್ಕೆ ಮಾನಸೋಲ್ಲಾಸವೇ ನಿದರ್ಶನ. ಆ ಗ್ರಂಥ ಐದು ವಿಂಶತಿಗಳಾಗಿ, ಒಂದೊಂದು ವಿಂಶತಿ ಇಪ್ಪತ್ತು ಅಧ್ಯಾಯಗಳಾಗಿ, ಒಟ್ಟು ನೂರು ಅಧ್ಯಾಯಗಳಾಗಿ ವಿಭಾಗಗೊಂಡಿದೆ. ಅದರಲ್ಲಿ ಗ್ರಹಗಣಿತಕ್ಕೆ ಆರಂಭಬಿಂದುವಾಗಿ ಕರ್ತೃವು ಶಕ ೧೦೫೧ ಸಂದ ಸೌಮ್ಯ ಸಂವತ್ಸರದ ಚೈತ್ರಾದಿಯ ಶುಕ್ರವಾರವನ್ನು ಹೇಳಿದ್ದಾನೆ. ಇದನ್ನು ಎರಡು ಬಗೆಯಲ್ಲಿ ಪರೀಕ್ಷಿಸಬಹುದು. ಸಂದ ಶಕವರ್ಷಕ್ಕೆ ಹನ್ನೆರಡನ್ನು ಕೂಡಿಸಿ ಅರುವತ್ತರಿಂದ ಭಾಗಿಸಿದರೆ ಉಳಿಯುವ ಶೇಷ ೪೩. ನಲವತ್ತಮೂರನೆಯ ಸಂವತ್ಸರ ಸೌಮ್ಯವೇ ಸರಿ. ಇನ್ನು ಆ ಪ್ರತಿಪದೆಗೆ ಹೊಂದುವ ದಿನ ೧೧೨೯ನೆಯ ಮಾರ್ಚ್ ೨೨. ಅದರ ಜೂಲಿಯನ್ ದಿನಸಂಖ್ಯೆ ೨೧,೩೩,೫೦೬; ಏಳರಿಂದ ಭಾಗಿಸಿದರೆ ಶೇಷ ನಾಲ್ಕು. ಸೋಮವಾರಕ್ಕೆ ಶೂನ್ಯವೆಂದು ಎಣಿಸುವ ಈ ಗಣನೆಯಲ್ಲಿ ನಾಲ್ಕೆಂದರೆ ಶುಕ್ರವಾರ. ವರ್ಷ, ಸಂವತ್ಸರ, ತಿಥಿ, ವಾರ ನಾಲ್ಕೂ ಪರಸ್ಪರ ಸಾಕ್ಷಿ ನುಡಿಯುತ್ತವೆ.

ಆಧುನಿಕ ವಿದ್ವಾಂಸರು ಈ ಪರೀಕ್ಷೆಯನ್ನು ಶಾಸ್ತ್ರವಾಗಿ ಬೆಳೆಸಿದರು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವಾಲ್ಟರ್ ಎಲಿಯಟ್ ಶಾಸನಗಳ ಪ್ರತಿಗಳನ್ನು ಮಾಡಿಸಿದನು. ಫ್ಲೀಟ್ ಅವುಗಳ ಆಧಾರದಿಂದಲೂ ಸ್ವಂತ ಶೋಧದಿಂದಲೂ ರಾಜವಂಶಗಳ ಚರಿತ್ರೆಯನ್ನು ಬರೆದನು. ಯಾಕೋಬಿಯ ಕೋಷ್ಟಕಗಳು, ೧೮೯೬ರಲ್ಲಿ ಹೊರಬಂದ ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ ಪಂಚಾಂಗಗ್ರಂಥ, ೧೯೨೨ರ ಸ್ವಾಮಿಕಣ್ಣು ಪಿಳ್ಳೆಯವರ ಎಫೆಮೆರಿಸ್ ಇವುಗಳಿಂದ ದಿನಗಟ್ಟಲೆ ಹಿಡಿಯುತ್ತಿದ್ದ ಗಣನೆ ಕೆಲವೇ ನಿಮಿಷಗಳ ಕೆಲಸವಾಯಿತು. ಒಮ್ಮೆ ಗಣಿಸಿ ಕೋಷ್ಟಕದಲ್ಲಿಟ್ಟು ಮುಂದೆ ನೋಡಿಕೊಳ್ಳುವ ಈ ಉಪಾಯವನ್ನೇ ಇಂದಿನ ಯಂತ್ರವಿದರೂ ಅನುಸರಿಸುತ್ತಾರೆ. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ. ಬಿ. ದೇಸಾಯಿ ಅವರು ೧೯೫೮ರಲ್ಲಿ ಸಂಪುಟವಾಗಿ ಪ್ರಕಟಿಸಿದ್ದು ಈ ಭಾಗದ ಅಧ್ಯಯನಕ್ಕೆ ಭದ್ರವಾದ ಬುನಾದಿಯನ್ನು ಹಾಕಿತು.

೪

ಇನ್ನು ಜೇಸನ್ನಿನ ವಿಚಾರ. ಈ ಒಕ್ಕಣೆಯನ್ನು ೨೦೦೧ರ ಸುಮಾರಿಗೆ ಡಗ್ಲಸ್ ಕ್ರಾಕ್‌ಫರ್ಡ್ ನಿರೂಪಿಸಿದರು. ೨೦೦೬ರಲ್ಲಿ ಅಂತರ್ಜಾಲದ ಮಾನಕಪತ್ರವೊಂದರಲ್ಲಿ ಅದು ದಾಖಲಾಯಿತು. ೨೦೧೩ರಲ್ಲಿ ಎಕ್ಮಾ ಸಂಸ್ಥೆ ಅದನ್ನು ಮಾನಕವಾಗಿ ಸ್ವೀಕರಿಸಿತು. ೨೦೧೭ರಲ್ಲಿ ಪರಿಷ್ಕೃತ ಮಾನಕಪತ್ರ ಹೊರಬಂದಿತು. ಅದರ ವ್ಯಾಕರಣ ಅತಿ ಸರಳ. ಅಕ್ಷರಮಾಲೆ, ಸಂಖ್ಯೆ, ಸತ್ಯಾಸತ್ಯ, ಶೂನ್ಯಸೂಚಕ ಎಂಬ ನಾಲ್ಕು ಮೂಲಜಾತಿಗಳು. ಪಂಕ್ತಿ ಮತ್ತು ಕೋಶ ಎಂಬ ಎರಡು ಸಂಯುಕ್ತಜಾತಿಗಳು. ಕೋಶದಲ್ಲಿ ಪ್ರತಿಯೊಂದು ಮೌಲ್ಯಕ್ಕೂ ಒಂದು ಕೀಲಿಹೆಸರಿರುತ್ತದೆ. ಮೇಲೆ ಹೇಳಿದ ಕಾಲೋಕ್ತಿಯನ್ನು ಅದರಲ್ಲಿ ಹೀಗೆ ಬರೆಯಬಹುದು:

{ "ಗಣನೆ": "ಚಾಳುಕ್ಯವಿಕ್ರಮ", "ವರ್ಷ": 37, "ಸಂವತ್ಸರ": "ನಂದನ" }

ಇಲ್ಲಿ ವರ್ಷವನ್ನು ಅಂತಾರಾಷ್ಟ್ರೀಯ ಅಂಕೆಗಳಲ್ಲಿ ಬರೆದಿರುವುದು ಆಕಸ್ಮಿಕವಲ್ಲ. ಜೇಸನ್ ವ್ಯಾಕರಣವು ಸಂಖ್ಯೆಗೆ ಆ ಹತ್ತು ಅಂಕೆಗಳನ್ನು ಮಾತ್ರ ಒಪ್ಪುತ್ತದೆ. ಕಲ್ಲಿನ ಮೇಲೆ ಇರುವಂತೆ ೩೭ ಎಂದು ಉದ್ಧರಣಚಿಹ್ನೆಯಿಲ್ಲದೆ ಬರೆದರೆ ಇಡೀ ದಾಖಲೆ ವ್ಯಾಕರಣದೋಷದಿಂದ ತಿರಸ್ಕೃತವಾಗುತ್ತದೆ. ಆದಕಾರಣ ಕಲ್ಲಿನ ಪಾಠವನ್ನು ಅಕ್ಷರಮಾಲೆಯಾಗಿಯೂ, ಪಂಡಿತನು ನಿರ್ಣಯಿಸಿದ ಸಂಖ್ಯೆಯನ್ನು ಸಂಖ್ಯೆಯಾಗಿಯೂ ಎರಡು ಬೇರೆ ಕೀಲಿಗಳಲ್ಲಿ ಇಡುವುದು ಅಗತ್ಯವಾಗುತ್ತದೆ. ಪಾಠ ಬೇರೆ, ನಿರ್ಣಯ ಬೇರೆ ಎಂಬುದು ಶಾಸನಸಂಪಾದನೆಯ ಹಳೆಯ ನಿಯಮ. ಯಂತ್ರವು ಅದನ್ನು ಬೇರೊಂದು ಕಾರಣಕ್ಕಾಗಿ ನಮ್ಮಿಂದ ಪಾಲಿಸುತ್ತದೆ.

ಜೇಸನ್ನಿಗೂ ಶಿಲಾಶಾಸನಕ್ಕೂ ಇರುವ ಮುಖ್ಯ ಭೇದವೆಂದರೆ ಅನುಕ್ರಮ. ಜೇಸನ್ ಕೋಶದಲ್ಲಿ ಕೀಲಿಗಳ ಅನುಕ್ರಮಕ್ಕೆ ಅರ್ಥವಿಲ್ಲ. ವರ್ಷಸಂಖ್ಯೆ ಮೊದಲು ಬಂದು ಗಣನೆಯ ಹೆಸರು ಕೊನೆಯಲ್ಲಿ ಬರಬಹುದು. ಶಾಸನದಲ್ಲಿ ಹಾಗಿಲ್ಲ, ಗಣನೆಯ ಹೆಸರು ಸಾಮಾನ್ಯವಾಗಿ ಸಂಖ್ಯೆಗೆ ಮುಂಚೆ ಬರುತ್ತದೆ. ವಿಕ್ರಮಾದಿತ್ಯನ ತರುವಾಯ ಭೂಲೋಕಮಲ್ಲವರ್ಷ, ಜಗದೇಕಮಲ್ಲವರ್ಷ ಎಂದು ಒಬ್ಬೊಬ್ಬ ಅರಸನ ಆಳಿಕೆಯೂ ಗಣನೆಯಾಯಿತು. ೧೧೫೭ರ ಸುಮಾರಿಗೆ ಕಳಚುರಿ ಬಿಜ್ಜಳನು ಅಧಿಕಾರವನ್ನು ಕೈಗೆ ತೆಗೆದುಕೊಂಡ ಮೇಲೆ ಅವನ ಆಳಿಕೆಯ ವರ್ಷಗಳೂ ಬಂದುವು. ಇಂತಿರಲಾಗಿ ಬರಿಯ ಸಂಖ್ಯೆಗೆ ಅರ್ಥವೇ ಇಲ್ಲ. ಹೆಸರನ್ನು ಮುಂಚೆ ಹೇಳಿ ಸಂಖ್ಯೆಯನ್ನು ಅನಂತರ ಹೇಳಿದ ಕರಣಿಕನು, ಓದುಗನು ಹಿಂದಿರುಗಿ ನೋಡಬೇಕಾಗದಂತೆ ಮಾಡಿದ್ದಾನೆ.

೫

ಫಲನಪ್ರಧಾನವಾದ ಭಾಷೆಗಳಲ್ಲಿ, ಎಂದರೆ ಹ್ಯಾಸ್ಕೆಲ್, ಓಕ್ಯಾಮಲ್, ಎಲ್ಮ್ ಮೊದಲಾದುವುಗಳಲ್ಲಿ, ವಿಸಂಕೇತನವನ್ನು ನಡೆಸುವ ಕ್ರಮವು ಮೇಲಣ ವಾಚನಕ್ರಮಕ್ಕೆ ಬಹಳ ಹತ್ತಿರವಾಗಿದೆ. ಈ ಪರಂಪರೆಯ ಮೂಲ ಜಾನ್ ಮೆಕಾರ್ಥಿಯವರ ಲಿಸ್ಪ್ ಭಾಷೆಯಲ್ಲಿದೆ; ಅದರ ಪ್ರಸಿದ್ಧ ಪ್ರಬಂಧ ಪ್ರಕಟವಾದುದು ೧೯೬೦ರಲ್ಲಿ. ೧೯೮೫ರಲ್ಲಿ ಫಿಲಿಪ್ ವಾಡ್ಲರ್, ೧೯೯೨ರಲ್ಲಿ ಗ್ರಹಾಂ ಹಟನ್ ಇವರು ಪದಚ್ಛೇದವನ್ನು ಫಲನಗಳ ಜೋಡಣೆಯಾಗಿ ಕಾಣುವ ಮಾರ್ಗವನ್ನು ವಿವರಿಸಿದರು. ಅದರ ತಿರುಳು ಇಷ್ಟು: ವಾಚಕವೆಂಬುದು ಒಂದು ಫಲನ, ಅದು ಬರಹವನ್ನು ತೆಗೆದುಕೊಂಡು, ಓದಿದ ಮೌಲ್ಯವನ್ನೂ ಉಳಿದ ಬರಹವನ್ನೂ ಕೊಡುತ್ತದೆ, ಇಲ್ಲವೇ ವಿಫಲವಾಯಿತೆಂದು ಹೇಳುತ್ತದೆ. ವರ್ಷವನ್ನು ಓದುವ ಒಂದು ಸಣ್ಣ ಫಲನ, ಸಂವತ್ಸರವನ್ನು ಓದುವ ಇನ್ನೊಂದು, ಇವೆರಡನ್ನೂ ಜೋಡಿಸಿದ ಕಾಲೋಕ್ತಿಯ ಫಲನ, ಅದನ್ನೂ ದತ್ತಿಯ ಫಲನವನ್ನೂ ಜೋಡಿಸಿದ ಶಾಸನದ ಫಲನ, ಹೀಗೆ ಚಿಕ್ಕದರಿಂದ ದೊಡ್ಡದು ಕಟ್ಟಲ್ಪಡುತ್ತದೆ.

ಸಾಮಾನ್ಯವಾಗಿ ವಿಸಂಕೇತನ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಬರಹವನ್ನೆಲ್ಲ ಓದಿ ಒಂದು ಸಾಮಾನ್ಯವೃಕ್ಷವನ್ನು ಕಟ್ಟುವುದು, ಬಳಿಕ ಆ ವೃಕ್ಷದಿಂದ ಬೇಕಾದ ದಾಖಲೆಯನ್ನು ರಚಿಸುವುದು. ಶಾಸನ ಒಂದಾದರೆ ಇದರಿಂದ ಬಾಧಕವಿಲ್ಲ. ಸಾವಿರಾರು ಆದಾಗ ಒಮ್ಮೆ ಕಟ್ಟಿ ಬಿಸುಡುವ ವೃಕ್ಷಗಳಿಂದ ಸ್ಮೃತಿಯೂ ಸಮಯವೂ ವ್ಯರ್ಥವಾಗುತ್ತವೆ. ದಾಖಲೆಯ ರೂಪ ಮುಂಚೆಯೇ ತಿಳಿದಿದ್ದರೆ ವೃಕ್ಷವನ್ನು ಕಟ್ಟದೆ ನೇರವಾಗಿ ದಾಖಲೆಗೆ ಹೋಗುವುದು ಕ್ಷಿಪ್ರ. ದಕ್ಷತೆಯ ವಿಷಯದಲ್ಲಿ ಗಮನಿಸಬೇಕಾದ ಅಂಶಗಳು ಇನ್ನೂ ಮೂರಿವೆ.

ಮೊದಲನೆಯದು, ವಿಕಲ್ಪಗಳ ಪರೀಕ್ಷೆ. ಕಾಲೋಕ್ತಿ ಶಕದ್ದೋ, ವಿಕ್ರಮವರ್ಷದ್ದೋ, ಭೂಲೋಕಮಲ್ಲವರ್ಷದ್ದೋ ಎಂದು ಒಂದೊಂದನ್ನೂ ಮೊದಲಿನಿಂದ ಓದಿ ನೋಡಿ ವಿಫಲವಾದರೆ ಮುಂದಿನದಕ್ಕೆ ಹೋಗುವ ವಿಸಂಕೇತಕವು ಅದೇ ಬರಹದ ಮೇಲೆ ಹಲವು ಸಲ ಶ್ರಮಿಸುತ್ತದೆ. ಗಣನೆಯ ಹೆಸರನ್ನು ಮೊದಲು ನೋಡಿ ತಕ್ಕ ಫಲನವನ್ನು ಆರಿಸಿದರೆ ಒಂದೇ ಸಲದ ಓದು ಸಾಕು. ದಾಖಲೆಯನ್ನು ಬರೆಯುವವರು ಕರಣಿಕನ ಸಂಪ್ರದಾಯವನ್ನೇ ಅನುಸರಿಸಿ "ಗಣನೆ" ಎಂಬ ಕೀಲಿಯನ್ನು ಮೊದಲು ಇಡುವುದು ಲೇಸು. ಆದರೆ ಅನುಕ್ರಮಕ್ಕೆ ಮಾನಕದ ಬೆಂಬಲವಿಲ್ಲದ ಕಾರಣ, ಅದು ತಪ್ಪಿದಾಗ ವಿಸಂಕೇತಕದ ವೇಗ ಮಾತ್ರ ಕಡಮೆಯಾಗಬೇಕೇ ಹೊರತು ಓದು ತಪ್ಪಬಾರದು.

ಎರಡನೆಯದು, ಅಕ್ಷರಗಳ ಪ್ರತೀಕರಣ. ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಅದನ್ನೇ ಹಿಮ್ಮುಖರೇಖೆಯಿಂದ ಮೊದಲಾಗುವ ಸಂಕೇತಸಂಖ್ಯೆಯಾಗಿ ಬರೆದರೆ ಆರು ಬೈಟುಗಳು ಬೇಕಾಗುತ್ತವೆ. ಹಾಗೆ ಬರೆದಾಗ ಗಾತ್ರ ಇಮ್ಮಡಿಯಾಗುವುದಷ್ಟೇ ಅಲ್ಲದೆ, ವಿಸಂಕೇತಕವು ಇದ್ದ ಬರಹವನ್ನು ಇದ್ದಂತೆ ತೆಗೆದುಕೊಳ್ಳಲಾರದೆ ಹೊಸದಾಗಿ ಕಟ್ಟಬೇಕಾಗುತ್ತದೆ. ಕನ್ನಡದ ದಾಖಲೆಗಳನ್ನು ಕನ್ನಡದ ಲಿಪಿಯಲ್ಲಿಯೇ ಇಡುವುದು ಇಲ್ಲಿ ಅಭಿಮಾನದ ಮಾತಲ್ಲ, ಮಿತವ್ಯಯದ ಮಾತು.

ಮೂರನೆಯದು, ಮುಂದೂಡಿದ ಗಣನೆ. ಹ್ಯಾಸ್ಕೆಲ್ ಭಾಷೆಯು ಬೇಕಾಗುವವರೆಗೆ ಯಾವುದನ್ನೂ ಗಣಿಸುವುದಿಲ್ಲ. ಇದು ಗುಣವೂ ಹೌದು, ದೋಷವೂ ಹೌದು. ಓದದೆ ಮುಂದೂಡಿದ ಒಂದು ಸಣ್ಣ ಅಂಗಕ್ಕಾಗಿ ಇಡೀ ಮೂಲಬರಹ ಸ್ಮೃತಿಯಲ್ಲಿ ಉಳಿಯಬಹುದು. ಪ್ರತಿ ಮಾಡದೆ ಮೂಲದ ತುಣುಕನ್ನೇ ಹಿಡಿದುಕೊಂಡಾಗಲೂ ಹೀಗೆಯೇ ಆಗುತ್ತದೆ. ಒಂದು ಪದಕ್ಕಾಗಿ ಇಡೀ ಶಾಸನದ ಅಚ್ಚೊತ್ತನ್ನು ಮೇಜಿನ ಮೇಲೆ ಹರಡಿಟ್ಟಂತೆ. ಆದುದರಿಂದ ವರ್ಷದಂತಹ ಚಿಕ್ಕ ಮೌಲ್ಯಗಳನ್ನು ಕೂಡಲೆ ಗಣಿಸಿ, ಮೂಲವನ್ನು ಬಿಟ್ಟುಕೊಡಬೇಕು. ಸಂಗ್ರಹವನ್ನು ಒಂದೇ ದೊಡ್ಡ ಪಂಕ್ತಿಯಾಗಿ ಇಡದೆ ಸಾಲಿಗೊಂದು ದಾಖಲೆಯಂತೆ ಇಟ್ಟರೆ ಓದಿದ್ದನ್ನು ಬಿಟ್ಟು ಮುಂದೆ ಸಾಗಬಹುದು. ಒಂದು ದಾಖಲೆ ಕೆಟ್ಟಿದ್ದರೂ ಉಳಿದುವು ದಕ್ಕುತ್ತವೆ.

೬

ವೇಗಕ್ಕಿಂತಲೂ ಮಿಗಿಲಾದುದು ನಿಷ್ಠೆ. ಸಂವತ್ಸರದ ಹೆಸರು ದಾಖಲೆಯಲ್ಲಿ ಇಲ್ಲದಿರಲು ಮೂರು ಕಾರಣಗಳಿರಬಹುದು: ಶಾಸನವೇ ಅದನ್ನು ಹೇಳಿಲ್ಲ, ಹೇಳಿದೆ, ಆದರೆ ಕಲ್ಲು ಸವೆದಿದೆ, ಕಲ್ಲಿನಲ್ಲಿ ಇದೆ, ದಾಖಲೆ ಮಾಡಿದವರು ಇನ್ನೂ ನಮೂದಿಸಿಲ್ಲ. ಇತಿಹಾಸಕಾರನಿಗೆ ಇವು ಮೂರು ಬೇರೆ ಬೇರೆ ಸಂಗತಿಗಳು. ಅಜಾಗರೂಕವಾದ ವಿಸಂಕೇತಕವು ಮೂರನ್ನೂ ಖಾಲಿ ಅಕ್ಷರಮಾಲೆಯನ್ನಾಗಿ ಮಾಡಿಬಿಡುತ್ತದೆ. ಇಲ್ಲದ ವರ್ಷವನ್ನು ಸೊನ್ನೆಯೆಂದೋ ಒಂದೆಂದೋ ತುಂಬುವುದೂ ಉಂಟು. ಹಾಗೆ ತುಂಬಿದ ಒಂದು ಒಂದನೆಯ ಆಳಿಕೆಯ ವರ್ಷವೆಂದು ಪಟ್ಟಿಯಲ್ಲಿ ಸೇರಿಕೊಂಡರೆ, ಬಿಜ್ಜಳನ ಕಾಲದಂತಹ ಕಿರಿಯ ಅವಧಿಯಲ್ಲಿ, ಯಾರು ಯಾವಾಗ ಸ್ವತಂತ್ರನಾದನೆಂಬ ನಿರ್ಣಯವೇ ಅಸ್ತವ್ಯಸ್ತವಾಗುತ್ತದೆ. ಶರಣರ ಕಾಲದ ಚರಿತ್ರೆ ನಿಂತಿರುವುದು ಇಂಥ ಕೆಲವೇ ವರ್ಷಗಳ ಮೇಲೆ.

ಫಲನಪ್ರಧಾನ ಭಾಷೆಗಳ ಜಾತಿವ್ಯವಸ್ಥೆ ಇಲ್ಲಿ ಉಪಕಾರಕವಾಗಿದೆ. "ಉಕ್ತ", "ಅನುಕ್ತ", "ಸವೆದಿದೆ", "ನಮೂದಾಗಿಲ್ಲ" ಎಂದು ನಾಲ್ಕು ರೂಪಗಳ ಜಾತಿಯೊಂದನ್ನು ಘೋಷಿಸಿದರೆ, ಮುಂದೆ ಆ ಮೌಲ್ಯವನ್ನು ಬಳಸುವ ಪ್ರತಿಯೊಂದು ಫಲನವೂ ನಾಲ್ಕಕ್ಕೂ ಉತ್ತರ ಕೊಟ್ಟಿದೆಯೇ ಎಂಬುದನ್ನು ಸಂಕಲನಕಾರಕ ಯಂತ್ರವೇ ನೋಡಿ ಎಚ್ಚರಿಸಬಲ್ಲುದು.

ಅಂತೆಯೇ ಸಂವತ್ಸರದ ಪರೀಕ್ಷೆಯನ್ನೂ ವಿಸಂಕೇತನದೊಳಗೆ ಸೇರಿಸಬಹುದು. ಆದರೆ ಒಂದು ಎಚ್ಚರಿಕೆ ಅಗತ್ಯ. ನಡೆಯುವ ವರ್ಷವನ್ನು ಎಣಿಸುವುದೇ, ಸಂದ ವರ್ಷವನ್ನು ಎಣಿಸುವುದೇ ಎಂಬ ಭೇದದಿಂದ ಸಂಖ್ಯೆಗೂ ಹೆಸರಿಗೂ ಒಂದು ವರ್ಷದ ಅಂತರವಿರುವ ಶಾಸನಗಳು ಉಂಟು. ಹೊಂದುವುದಿಲ್ಲವೆಂದು ವಿಸಂಕೇತಕವು ಅವನ್ನು ತಿರಸ್ಕರಿಸಿದರೆ ಸಾಕ್ಷ್ಯ ಹೋಗುತ್ತದೆ. ಮೌನವಾಗಿ ತಿದ್ದಿದರೆ ಸಾಕ್ಷ್ಯ ಸುಳ್ಳಾಗುತ್ತದೆ. ಹೊಂದಿಕೆ, ಒಂದು ವರ್ಷದ ಅಂತರ, ವಿರೋಧ ಎಂಬ ಮೂರು ಫಲಗಳಲ್ಲಿ ಯಾವುದೆಂದು ದಾಖಲೆಯೊಡನೆಯೇ ತಿಳಿಸುವುದು ಯುಕ್ತ. ಮೊದಲ ದೋಷ ಕಂಡೊಡನೆ ನಿಲ್ಲದೆ, ದಾಖಲೆಯ ಎಲ್ಲ ದೋಷಗಳನ್ನೂ ಒಟ್ಟಿಗೆ ವರದಿ ಮಾಡುವಂತೆ ಫಲನಗಳನ್ನು ಜೋಡಿಸುವುದೂ ಸಾಧ್ಯವಿದೆ. ಸಂಪಾದಕನಿಗೆ ಬೇಕಾದುದು ಅದೇ. ಒಂದೇ ಕೋಶದಲ್ಲಿ ಒಂದೇ ಕೀಲಿ ಎರಡು ಸಲ ಬಂದಾಗ ಏನು ಮಾಡಬೇಕೆಂದು ಜೇಸನ್ ಮಾನಕವು ನಿರ್ಬಂಧಿಸಿಲ್ಲ. ಅನೇಕ ಸಾಧನಗಳು ಕೊನೆಯದನ್ನು ಮಾತ್ರ ಉಳಿಸುತ್ತವೆ. ಇಬ್ಬರು ಪಂಡಿತರ ಎರಡು ಪಾಠಗಳನ್ನು ಹೀಗೆ ಬರೆದಿದ್ದರೆ ಒಬ್ಬರ ಪಾಠ ಸದ್ದಿಲ್ಲದೆ ಅಳಿಯುತ್ತದೆ. ಪಾಠಾಂತರಗಳನ್ನು ಪಂಕ್ತಿಯಲ್ಲಿಯೇ ಇಡತಕ್ಕದ್ದು.

೭

ಮೇಲಣ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಕಲ್ಯಾಣದ ಶಾಸನಗಳ ಕಾಲೋಕ್ತಿಯು ಕ್ರಮಬದ್ಧವಾದ ಒಕ್ಕಣೆಯಾಗಿದ್ದು, ಅದರಲ್ಲಿ ತಪ್ಪನ್ನು ಕಂಡುಹಿಡಿಯುವ ಸಾಧನ ಅಡಕವಾಗಿದೆ. ಅದನ್ನು ಜೇಸನ್ನಿಗೆ ತರುವಾಗ ಅನುಕ್ರಮದ ಸೌಲಭ್ಯ ತಪ್ಪಿಹೋಗುವುದಾದರೂ ಪರಸ್ಪರಸಾಕ್ಷ್ಯದ ಸೌಲಭ್ಯವನ್ನು ಕಳೆದುಕೊಳ್ಳಬೇಕಾಗಿಲ್ಲ. ದಾಖಲೆಯ ರೂಪವನ್ನು ಮುಂಚಿತವಾಗಿ ಘೋಷಿಸಿ, ನೇರವಾಗಿ, ಒಂದೇ ಓದಿನಲ್ಲಿ, ಇಲ್ಲದುದನ್ನು ಇಲ್ಲವೆಂದೇ ತಿಳಿಸುವ ವಿಸಂಕೇತಕವು ಕ್ಷಿಪ್ರವೂ ಆಗುತ್ತದೆ, ಪ್ರಾಮಾಣಿಕವೂ ಆಗುತ್ತದೆ.

ವರ್ಷ ಒಂದನ್ನು ಹೇಳಿ ಮುಗಿಸಬಹುದಾಗಿದ್ದೆಡೆ ಸಂವತ್ಸರವನ್ನೂ ವಾರವನ್ನೂ ಕೂಡಿಸಿ ಹೇಳಿದವರು ಆ ಎರಡು ಪದಗಳಿಗಾಗಿ ಕಲ್ಲಿನ ಮೇಲೆ ಉಳಿಯಿಂದ ಶ್ರಮಪಟ್ಟಿದ್ದಾರೆ. ಬಸವಕಲ್ಯಾಣ ಹುಮನಾಬಾದ ಪ್ರದೇಶದ ಶಾಸನಗಳನ್ನು ಇನ್ನು ಮುಂದೆ ಗಣಕಕ್ಕೆ ಏರಿಸುವವರು ಆ ಪದಗಳನ್ನು ಅನಾವಶ್ಯಕವೆಂದು ಬಿಡದಿರಲಿ ಎಂಬುದೇ ಈ ಲೇಖನದ ವಿಜ್ಞಾಪನೆ.